ಹೆಣ್ಣಾಳಿನ ಕೂಲಿ, ಗಂಡಾಳಿನ ಕೂಲಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಅಡಿಕೆ ಸುಗ್ಗಿ ಹತ್ತಿರವಾದಂತೆ ಕೂಲಿಯ ಪ್ರಶ್ನೆಗಳು ಹೆಚ್ಚುವುದು ಪ್ರತಿ ವರ್ಷದ ವಾಡಿಕೆ. ಈ ಸಲ ಶಿವಮೊಗ್ಗ ಜಿಲ್ಲೆಯಿಂದ ಬಂದ ಪತ್ರಗಳಲ್ಲಿ ಬಹುಪಾಲು ಹೆಣ್ಣುಮಕ್ಕಳ ಕೆಲಸದ ಕುರಿತೇ ಇವೆ. ಒಂದೇ ಬಗೆಯವನ್ನು ಕೂಡಿಸಿ ಉತ್ತರಿಸಿದ್ದೇವೆ. ಬರೆದವರ ಹೆಸರು ಹಾಕಿಲ್ಲ, ತಾಲ್ಲೂಕು ಮಾತ್ರ ಇದೆ.

ತೀರ್ಥಹಳ್ಳಿ ತಾಲ್ಲೂಕಿನಿಂದ: ನಮ್ಮ ಕಡೆ ತೋಟದ ಕೆಲಸಕ್ಕೆ ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ. ಕೇಳಿದರೆ "ಅವರದ್ದು ಭಾರದ ಕೆಲಸ, ನಿಮ್ಮದು ಬೇರೆ" ಅಂತಾರೆ. ಇದಕ್ಕೆ ಕಾನೂನು ಏನು ಹೇಳುತ್ತೆ?

ಕೆಲಸ ನಿಜಕ್ಕೂ ಬೇರೆಯಾಗಿದ್ದರೆ ಕೂಲಿ ಬೇರೆ ಇರಬಹುದು. ಹೆಸರಷ್ಟೇ ಬೇರೆಯಾಗಿದ್ದರೆ ಇರುವಂತಿಲ್ಲ.

ಸಮಾನ ವೇತನದ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಒಪ್ಪಿಗೆ ಕೊಟ್ಟದ್ದು 1958ರಲ್ಲಿ. ಸಮಾನ ವೇತನ ಕಾಯ್ದೆ ಬಂದದ್ದು 1976ರಲ್ಲಿ. ಆ ಕಾಯ್ದೆ ಈಗ ವೇತನ ಸಂಹಿತೆ, 2019ರೊಳಗೆ ಸೇರಿದೆ. ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಒಬ್ಬನೇ ಮಾಲೀಕನ ಕೈಕೆಳಗೆ ಅದೇ ಕೆಲಸ ಅಥವಾ ಅದೇ ಬಗೆಯ ಕೆಲಸ ಮಾಡುವವರಿಗೆ ಹೆಣ್ಣು, ಗಂಡು ಎಂದು ಕೂಲಿಯಲ್ಲಿ ಭೇದ ಮಾಡಬಾರದು ಎನ್ನುವುದು ಅದರ ಮಾತು. ಅದೇ ಬಗೆಯದೋ ಅಲ್ಲವೋ ಎಂದು ತೀರ್ಮಾನಿಸುವಾಗ ನೋಡುವುದು ಕೌಶಲ, ಶ್ರಮ, ಅನುಭವ, ಹೊಣೆ ಇವನ್ನು. ಕೂಲಿ ಸಮ ಮಾಡುವ ನೆಪದಲ್ಲಿ ಗಂಡಾಳಿನ ಕೂಲಿ ಇಳಿಸುವುದಕ್ಕೂ ಅವಕಾಶವಿಲ್ಲ.

ಇದನ್ನು ತೋಟಕ್ಕೆ ತಂದು ನೋಡಿ. ಮರ ಹತ್ತಿ ಅಡಿಕೆ ಕೊನೆ (ಗೊಂಚಲು) ತೆಗೆಯುವವನಿಗೆ ಹೆಚ್ಚು ಕೊಟ್ಟರೆ ಅದು ಭೇದವಲ್ಲ. ಮರ ಹತ್ತುವ ಕಸುಬು ಬೇರೆ, ಅದರ ಅಪಾಯವೂ ಬೇರೆ. ಆದರೆ ಗೊಬ್ಬರ ಹಾಕುವ ದಿನ ಏನಾಗುತ್ತದೆ? ಗಂಡಾಳು ಗುದ್ದಲಿ ಹಿಡಿದು ಬುಟ್ಟಿ ತುಂಬಿ, ಎತ್ತಿ ಕೊಡುತ್ತಾನೆ. ಹೆಣ್ಣಾಳು ಅದನ್ನು ತಲೆ ಮೇಲೆ ಹೊತ್ತು, ಕಾದಿಗೆ (ತೋಟದ ನೀರುಗಾಲುವೆ) ದಾಟಿ, ಮರದ ಬುಡಕ್ಕೆ ಸುರಿದು, ಖಾಲಿ ಬುಟ್ಟಿ ಹಿಡಿದು ವಾಪಸು ಬರುತ್ತಾಳೆ. ಸಂಜೆವರೆಗೂ ಇದೇ. ಭಾರದ ಕೆಲಸ ಎಂಬ ಹೆಸರು ಮಾತ್ರ ತುಂಬಿಕೊಟ್ಟವನಿಗೆ. ಮಣ್ಣು ಹೊರುವಾಗಲೂ, ಸೊಪ್ಪು ತರುವಾಗಲೂ ಹೀಗೇ. ಇಲ್ಲಿ 'ಕೆಲಸ ಬೇರೆ' ಎಂಬ ಮಾತು ನಿಲ್ಲುವುದಿಲ್ಲ.

ಇಂಥದೇ ವಾದ 1987ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ಆಡ್ರೆ ಡಿಕೋಸ್ಟಾ ಎಂಬ ಸ್ಟೆನೋಗ್ರಾಫರ್ ತಮಗೆ ಗಂಡಸು ಸ್ಟೆನೋಗ್ರಾಫರುಗಳಿಗಿಂತ ಕಡಿಮೆ ಸಂಬಳ ಎಂದು ದಾವೆ ಹೂಡಿದ್ದರು. ಈ ಹೆಂಗಸರು ದೊಡ್ಡ ಅಧಿಕಾರಿಗಳ ಬಳಿ ಗೋಪ್ಯದ ಕೆಲಸ ಮಾಡುವವರು, ಆ ಕೆಲಸದಲ್ಲಿ ಗಂಡಸರೇ ಇಲ್ಲ, ಹಾಗಾಗಿ ಹೋಲಿಕೆಯೇ ಬರುವುದಿಲ್ಲ ಎಂದಿತು ಕಂಪನಿ. ಕೋರ್ಟು ಒಪ್ಪಲಿಲ್ಲ. ಅಷ್ಟು ಕೊಡುವ ಶಕ್ತಿ ನಮಗಿಲ್ಲ ಎಂಬ ನೆಪವನ್ನೂ ತಳ್ಳಿಹಾಕಿತು. ಸಣ್ಣ ಹಿಡುವಳಿಯವರು ಈಗಲೂ ಆಡುವ ಮಾತು ಅದೇ.

ಇನ್ನೊಂದು ಗಂಟು ಗಂಟೆಯ ಲೆಕ್ಕದ್ದು. ಗಂಡಾಳು ಎಂಟಕ್ಕೇ ಬರುತ್ತಾನೆ, ಹೆಣ್ಣಾಳು ಮನೆ ಕೆಲಸ ಮುಗಿಸಿ ಒಂಬತ್ತಕ್ಕೆ ಬರುತ್ತಾಳೆ ಎನ್ನುತ್ತಾರೆ. ಸರಿ, ಗಂಟೆಗೇ ಲೆಕ್ಕ ಹಾಕೋಣ. ಉದಾಹರಣೆಗೆ, ಗಂಡಾಳಿಗೆ 8 ಗಂಟೆಗೆ 600 ರೂಪಾಯಿ ಎಂದಿಟ್ಟುಕೊಂಡರೆ ಗಂಟೆಗೆ 75 ಬಿತ್ತು. 7 ಗಂಟೆ ದುಡಿದವಳಿಗೆ 525 ಬರಬೇಕು. 400 ಕೊಟ್ಟರೆ ಒಂದು ಗಂಟೆ ತಡವಾದದ್ದಕ್ಕೆ 75 ಹೋಯಿತು, ಮಿಕ್ಕ 125 ಹೆಣ್ಣಾದದ್ದಕ್ಕೆ ಹೋಯಿತು.

ದೂರು ಕೊಡುವ ಮನಸ್ಸಿದ್ದರೆ ಮೊದಲು ಬರೆದಿಡಿ: ದಿನಾಂಕ, ಯಾರ ತೋಟ, ಏನು ಕೆಲಸ, ಎಷ್ಟರಿಂದ ಎಷ್ಟು ಗಂಟೆ, ಜೊತೆಗೆ ಯಾರಿದ್ದರು, ಯಾರಿಗೆ ಎಷ್ಟು ಕೊಟ್ಟರು. ಒಂದು ಸುಗ್ಗಿಯ ಪುಸ್ತಕ ಸಾಕು. ಅರ್ಜಿ ಹೋಗಬೇಕಾದದ್ದು ಕಾರ್ಮಿಕ ಇಲಾಖೆಗೆ. ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಿಂದ ಶುರು ಮಾಡಿ. ಹಲವರು ಸೇರಿ ಒಂದೇ ಅರ್ಜಿ ಕೊಡಬಹುದು, ಕೊಡುವುದೇ ಒಳ್ಳೆಯದು. ಒಬ್ಬಳೇ ಕೊಟ್ಟರೆ ಮರುದಿನದಿಂದ ಅವಳನ್ನು ಮಾತ್ರ ಕರೆಯುವುದಿಲ್ಲ. ಬಾಕಿ ಹುಟ್ಟಿದ ದಿನದಿಂದ ಮೂರು ವರ್ಷದೊಳಗೆ ಕೇಳಬೇಕು. ಕೊಟ್ಟಿದ್ದೇನೆ ಎಂದು ರುಜುವಾತು ಮಾಡುವ ಹೊರೆ ಮಾಲೀಕನದು. ಬಾಕಿಯ ಮೇಲೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸಲೂ ಅವಕಾಶವಿದೆ. ವಕೀಲರು ಬೇಕಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ನೆರವು ಪುಕ್ಕಟೆ.

ಸಾಗರ ತಾಲ್ಲೂಕಿನಿಂದ: ಅಡಿಕೆ ಸುಲಿಯುವ ಮೆಷಿನ್ ಬಂದ ಮೇಲೆ ನಮ್ಮ ಕೇರಿಯ ಹೆಂಗಸರಿಗೆ ಸುಗ್ಗಿ ಕೆಲಸ ಅರ್ಧವಾಗಿದೆ. ಉಳಿದದ್ದಕ್ಕೂ ಕೂಲಿ ಕಡಿಮೆ. ಏನು ಮಾಡಬಹುದು?

ಸುಲಿಯುವುದು ಮಲೆನಾಡಿನ ಹೆಂಗಸರು ಕೈಚಳಕದ ಮೇಲೆ ದುಡಿಯುತ್ತಿದ್ದ ಕೆಲಸ. ಮೆಟ್ಟುಗತ್ತಿಯ ಮಣೆಯನ್ನು ಕಾಲಲ್ಲಿ ಮೆಟ್ಟಿ ಕೂತು, ಕಾಯಿಯನ್ನು ಅಲಗಿಗೆ ಒತ್ತಿ, ಸಿಪ್ಪೆ ಬಿಡಿಸಿ ಅಡಿಕೆಯನ್ನು ಪೆಟ್ಟಾಗದಂತೆ ತೆಗೆಯಬೇಕು. ಬೇಯಿಸುವ ಹಸಿ ಅಡಿಕೆಯನ್ನು ಕೊಯ್ದ ಮೇಲೆ ತಡ ಮಾಡಿದರೆ ಬಣ್ಣ ಕೆಡುತ್ತದೆ. ಹಾಗಾಗಿ ರಾತ್ರಿಯೂ ದೀಪದಡಿ ಸುಲಿತ ನಡೆಯುತ್ತಿತ್ತು. ಕೂಲಿ ದಿನದ ಲೆಕ್ಕದ್ದಲ್ಲ, ಡಬ್ಬದ್ದೋ ಕೆ.ಜಿ.ಯದ್ದೋ. ಕೈ ಚುರುಕಿದ್ದವಳು ಗಂಡಾಳಿನ ಕೂಲಿಯನ್ನು ಮೀರಿಸುವುದು ಸಾಧ್ಯವಿದ್ದದ್ದು ಇದೊಂದರಲ್ಲೇ.

ಮೆಷಿನ್ ಬಂದಾಗ ಕೆಲಸ ಎರಡು ತುಂಡಾಯಿತು. ಯಂತ್ರ ಓಡಿಸುವುದು ಗಂಡಸಿನ ಪಾಲಿಗೆ ಹೋಯಿತು. ಸುಲಿಯದೆ ಉಳಿದದ್ದು, ಅರೆ ಸುಲಿದದ್ದು, ಪೆಟ್ಟು ತಿಂದದ್ದು ಇವನ್ನು ಆರಿಸಿ ಮತ್ತೆ ಕತ್ತಿಗೆ ಹಿಡಿಯುವುದು ಹೆಂಗಸರ ಪಾಲಿಗೆ ಬಂತು, ಅದೂ ದಿನಗೂಲಿಗೆ. ಕಾಯಿಯ ಗಾತ್ರ ಒಂದೇ ಸಮ ಇಲ್ಲದಿದ್ದರೆ ಯಂತ್ರ ಸಣ್ಣದನ್ನು ಹಾಗೇ ಬಿಡುತ್ತದೆ, ದೊಡ್ಡದನ್ನು ಕಚ್ಚುತ್ತದೆ. ಆ ನಷ್ಟವನ್ನು ಸರಿಮಾಡುವುದು ಆರಿಸುವವಳ ಕಣ್ಣು ಮತ್ತು ಕೈ. ರಾಶಿ ಇಡಿ ಎಂಬ ಒಳ್ಳೆಯ ದರ್ಜೆಗೆ ಸೇರಬೇಕಾದ ಮಾಲು ಗೊರಬಲು ಎಂಬ ಕೆಳದರ್ಜೆಯ ದರಕ್ಕೆ ಇಳಿಯದಂತೆ ಕಾಯುವ ಕೆಲಸಕ್ಕೆ ಸುಲಭದ ಕೆಲಸ ಎಂದು ಹೆಸರಿಟ್ಟು ಕಡಿಮೆ ಕೊಡುವುದು ಅನ್ಯಾಯ ಎಂದೇ ನಮ್ಮ ಅಭಿಪ್ರಾಯ.

ಮಾಡಬಹುದಾದದ್ದು ಇದೆ. ಡಬ್ಬದ ಲೆಕ್ಕವಿದ್ದಲ್ಲಿ ಡಬ್ಬವನ್ನೇ ಮೊದಲು ನೋಡಿ. ಬಾಯಿಮಟ್ಟವೋ, ತಲೆ ತುಂಬಿ ಗೋಪುರವಾಗುವಷ್ಟೋ ಎಂಬುದನ್ನು ಸುಗ್ಗಿ ಶುರುವಾಗುವ ಮೊದಲೇ ಮಾತಾಡಿ. ಗೋಪುರದಷ್ಟು ಅಡಿಕೆ ಪ್ರತಿ ಡಬ್ಬದಲ್ಲೂ ಪುಕ್ಕಟೆ ಹೋಗುತ್ತದೆ. ಸಾಧ್ಯವಾದರೆ ತೂಕಕ್ಕೆ ಬನ್ನಿ, ಖಾಲಿ ಬುಟ್ಟಿಯ ತೂಕವನ್ನು ನಿಮ್ಮೆದುರೇ ಕಳೆಯಲಿ. ಸುಲಿತದ ಹಣವನ್ನು ದುಡಿದ ಗಂಟೆಗೆ ಭಾಗಿಸಿ 8 ಗಂಟೆಗೆ ಎಷ್ಟಾಗುತ್ತದೆಂದು ನೋಡಿ, ಸರ್ಕಾರ ಕೃಷಿ ಕೆಲಸಕ್ಕೆ ಪ್ರಕಟಿಸಿದ ಕನಿಷ್ಠ ಕೂಲಿಯ ಜೊತೆ ಹೋಲಿಸಿ. ಆ ದರದಲ್ಲಿ ಹೆಣ್ಣಿಗೊಂದು, ಗಂಡಿಗೊಂದು ಎಂಬುದಿಲ್ಲ. ಆರಿಸುವ ಕೆಲಸಕ್ಕೂ ಅದಕ್ಕಿಂತ ಕಡಿಮೆ ಕೊಡುವಂತಿಲ್ಲ.

ತೋಟವನ್ನು ಚೇಣಿಗೆ (ಫಸಲಿನ ಗುತ್ತಿಗೆಗೆ) ಕೊಟ್ಟಿದ್ದರೆ ಕೂಲಿ ಕೊಡಬೇಕಾದವನು ಚೇಣಿದಾರ. ಸುಗ್ಗಿ ಮುಗಿದ ಮೇಲೆ ಅವನು ಸಿಗುವುದಿಲ್ಲ, ತೋಟದವರು ನಮಗೆ ಗೊತ್ತಿಲ್ಲ ಎನ್ನುತ್ತಾರೆ. ಅವನ ಹೆಸರು, ಊರು, ಫೋನ್ ನಂಬರನ್ನು ಮೊದಲ ದಿನವೇ ಬರೆದಿಟ್ಟುಕೊಳ್ಳಿ, ಬಟವಾಡೆ ವಾರವಾರ ಆಗಲಿ.

ಇನ್ನೊಂದು ದಾರಿ ಯಂತ್ರವನ್ನು ನೀವೇ ಓಡಿಸುವುದು. ಕೇಂದ್ರದ ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಸಣ್ಣ ರೈತರಿಗೆ, ಪರಿಶಿಷ್ಟರಿಗೆ ಇರುವಂತೆ ಹೆಣ್ಣುಮಕ್ಕಳಿಗೂ ಶೇ. 50ರವರೆಗೆ ಸಹಾಯಧನವಿದೆ, ಉಳಿದವರಿಗೆ ಶೇ. 40. ಸ್ತ್ರೀಶಕ್ತಿ ಸಂಘದವರು ಕೂಡಿ ಒಂದು ಯಂತ್ರ ತಂದು ಮನೆಮನೆಗೆ ಬಾಡಿಗೆಗೆ ಹೋದರೆ ಓಡಿಸುವ ದುಡ್ಡೂ, ಆರಿಸುವ ದುಡ್ಡೂ ಒಂದೇ ಕೈಗೆ. ಸಹಾಯಧನ ಪಟ್ಟಿಯಲ್ಲಿರುವ ಮಾದರಿಗೆ ಮಾತ್ರ ಸಿಗುತ್ತದೆ. ಅಂಗಡಿಯವನಿಗೆ ಮುಂಗಡ ಕೊಡುವ ಮೊದಲು ರೈತ ಸಂಪರ್ಕ ಕೇಂದ್ರ ಅಥವಾ ತೋಟಗಾರಿಕೆ ಇಲಾಖೆಯಲ್ಲಿ ಮಾದರಿಯ ಹೆಸರು ಕೇಳಿಕೊಳ್ಳಿ. ಮೊದಲೇ ಕೊಂಡು ಆಮೇಲೆ ಅರ್ಜಿ ಹಾಕಿದವರು ಸಹಾಯಧನ ಕಳೆದುಕೊಳ್ಳುತ್ತಾರೆ.

ಭದ್ರಾವತಿಯಿಂದ: ಮದುವೆಯಾದ ಹೆಣ್ಣು ಸರ್ಕಾರಿ ಕೆಲಸ ಬಿಡಬೇಕು ಎಂಬ ನಿಯಮ ಹಿಂದೆ ಇತ್ತು ಎಂದು ಹೇಳಿದರೆ ಮೊಮ್ಮಗಳು ನಂಬುತ್ತಿಲ್ಲ.

ನಂಬಲು ಹೇಳಿ. ವಿದೇಶಾಂಗ ಸೇವೆಗೆ ಸೇರಿದ ಮೊದಲ ಹೆಣ್ಣುಮಗಳು ಕೊಡಗಿನ ಸಿ.ಬಿ. ಮುತ್ತಮ್ಮ. 1949ರಲ್ಲಿ ಸೇರುವಾಗ, ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಎಂದು ಅವರಿಂದ ಬರೆಸಿಕೊಳ್ಳಲಾಗಿತ್ತು. ಹೆಣ್ಣು ಅಧಿಕಾರಿ ಮದುವೆಗೆ ಮೊದಲು ಸರ್ಕಾರದ ಲಿಖಿತ ಅನುಮತಿ ಪಡೆಯಬೇಕಿತ್ತು, ಸಂಸಾರ ಕೆಲಸಕ್ಕೆ ಅಡ್ಡಿಯಾಗುತ್ತದೆ ಎಂದು ಸರ್ಕಾರಕ್ಕೆ ಅನ್ನಿಸಿದರೆ ಕೆಲಸದಿಂದ ತೆಗೆಯಬಹುದಿತ್ತು. ಬಡ್ತಿ ತಪ್ಪಿದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಈ ನಿಯಮಗಳನ್ನು ಕಟುವಾಗಿ ಟೀಕಿಸಿದರು. ಅಷ್ಟರಲ್ಲಿ ಸರ್ಕಾರ ನಿಯಮವನ್ನೂ ಕೈಬಿಟ್ಟಿತ್ತು, ಬಡ್ತಿಯನ್ನೂ ಕೊಟ್ಟಿತ್ತು. ವಿಮಾನದ ಗಗನಸಖಿಯರದ್ದು 1981ರ ತೀರ್ಪು. ಮೊದಲ ಬಸಿರಿಗೇ ಕೆಲಸ ಹೋಗುವ ನಿಯಮ ರದ್ದಾಯಿತು. ನಾಲ್ಕು ವರ್ಷ ಮದುವೆಯಾಗಬಾರದು ಎಂಬುದನ್ನು ಮಾತ್ರ ಅದೇ ಕೋರ್ಟು ಸರಿ ಎಂದಿತು. ಹಿಂದಿನದೆಲ್ಲ ಒಂದೇ ಏಟಿಗೆ ಹೋದದ್ದಲ್ಲ ಎಂಬುದನ್ನೂ ಮೊಮ್ಮಗಳಿಗೆ ಹೇಳಿ.

ಶಿವಮೊಗ್ಗದಿಂದ: ಮಾಚೇನಹಳ್ಳಿ ಕಡೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತೇನೆ. ಈಗ ಐದು ತಿಂಗಳ ಬಸುರಿ. ಸೂಪರ್‌ವೈಸರ್ "ರಾಜೀನಾಮೆ ಕೊಟ್ಟು ಹೋಗಿ, ಮಗು ಆದಮೇಲೆ ಹೊಸದಾಗಿ ಸೇರಿ" ಅಂತಾರೆ. ಹಾಗೆ ಮಾಡಿದರೆ ನಷ್ಟವಾಗುತ್ತಾ?

ಆಗುತ್ತದೆ, ದೊಡ್ಡ ನಷ್ಟ. ರಾಜೀನಾಮೆಗೆ ಸಹಿ ಹಾಕಬೇಡಿ. ಖಾಲಿ ಹಾಳೆಗಂತೂ ಬೇಡವೇ ಬೇಡ.

1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ ರಜೆ 12 ವಾರ ಇತ್ತು. 2017ರ ತಿದ್ದುಪಡಿ ಅದನ್ನು ಮೊದಲ ಎರಡು ಮಕ್ಕಳಿಗೆ 26 ವಾರ ಮಾಡಿತು. ಎರಡು ಮಕ್ಕಳಿರುವವರಿಗೆ ಮುಂದಿನ ಹೆರಿಗೆಗೆ 12 ವಾರವೇ ಉಳಿಯಿತು. ಈ ನಿಯಮಗಳು ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಹಾಗೇ ಬಂದಿವೆ. 26ರಲ್ಲಿ ಹೆರಿಗೆಗೆ ಮೊದಲು ಹೆಚ್ಚೆಂದರೆ 8 ವಾರ ತೆಗೆದುಕೊಳ್ಳಬಹುದು. ರಜೆಯಲ್ಲಿರುವಾಗ ಕೆಲಸದಿಂದ ತೆಗೆಯುವುದು, ಕೆಲಸದ ಷರತ್ತನ್ನು ನಿಮಗೆ ನಷ್ಟವಾಗುವಂತೆ ಬದಲಿಸುವುದು ಕಾನೂನಿಗೆ ವಿರುದ್ಧ.

ಹಣ ಕೊಡುವವರು ಯಾರು ಎಂಬುದು ಸಂಬಳದ ಮೇಲೆ ಹೋಗುತ್ತದೆ. ತಿಂಗಳಿಗೆ 21,000ದೊಳಗಿದ್ದರೆ ನೀವು ಇಎಸ್ಐ (ಕಾರ್ಮಿಕರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿರುತ್ತೀರಿ. ಸಂಬಳದಲ್ಲಿ ಶೇ. 0.75 ಕಡಿತವಾಗುತ್ತಿದೆಯೇ ಎಂದು ಪೇಸ್ಲಿಪ್ ನೋಡಿ. ಆಗ 26 ವಾರದ ಹಣ ಕೊಡುವುದು ಇಎಸ್ಐ, ಸರಾಸರಿ ದಿನದ ಕೂಲಿಯ ಪೂರ್ತಿ ಮೊತ್ತ. ಷರತ್ತು ಇಷ್ಟೆ: ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಸೇರಿ ಕನಿಷ್ಠ 70 ದಿನದ ವಂತಿಗೆ ಕಟ್ಟಿರಬೇಕು. ಅವಧಿಗಳು ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ವಾಂತಿ, ಸುಸ್ತು ಎಂದು ಮೊದಲ ತಿಂಗಳುಗಳಲ್ಲಿ ಸಂಬಳವಿಲ್ಲದ ರಜೆ ಹೆಚ್ಚು ಹಾಕಿದವರಿಗೆ ಈ 70ರಲ್ಲೇ ಕೊರತೆ ಬೀಳುತ್ತದೆ. ಈಗಲೇ ಎಣಿಸಿಕೊಳ್ಳಿ. ಇಎಸ್ಐಗೆ ಹೊರಗಿದ್ದರೆ ಹಣ ಕೊಡಬೇಕಾದವರು ಕಾರ್ಖಾನೆಯವರೇ. ಹೆರಿಗೆ ನಿರೀಕ್ಷೆಯ ದಿನಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು.

ಇಲ್ಲಿ ಹೆಚ್ಚಾಗಿ ಕೈಕೊಡುವುದು ಹೆಸರು. ಇಎಸ್ಐ ದಾಖಲೆಯಲ್ಲಿ ತಂದೆ ಹೆಸರು, ಆಧಾರ್‌ನಲ್ಲಿ ಗಂಡನ ಹೆಸರು, ಪಾಸ್‌ಬುಕ್ಕಿನಲ್ಲಿ ಬರೀ ಇನಿಷಿಯಲ್. ಮೂರೂ ಹೊಂದದಿದ್ದರೆ ಹಣ ತಿಂಗಳುಗಟ್ಟಲೆ ನಿಲ್ಲುತ್ತದೆ. ಏಳನೇ ತಿಂಗಳಿಗೆ ಕಾಯಬೇಡಿ, ಈಗಲೇ ಸರಿಮಾಡಿಸಿ. ತಾಯಿ ಕಾರ್ಡು, ಸ್ಕ್ಯಾನಿಂಗ್ ವರದಿಯ ನಕಲು ಇಟ್ಟುಕೊಂಡು ರಜೆಯ ಅರ್ಜಿಯನ್ನು ಬರವಣಿಗೆಯಲ್ಲಿ ಕೊಟ್ಟು, ಸ್ವೀಕರಿಸಿದ ಸೀಲು ಹಾಕಿಸಿಕೊಳ್ಳಿ. ಸೀಲು ಹಾಕದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ.

ಇನ್ನು 'ಬಿಟ್ಟು ಸೇರುವ' ಲೆಕ್ಕ. ಕೆಲಸ ಬಿಡುವಾಗ ಸಿಗುವ ಇಡಿಗಂಟಾದ ಗ್ರಾಚ್ಯುಟಿಗೆ ಕಾಯಂ ಕೆಲಸಗಾರರು ಸತತ ಐದು ವರ್ಷ ಮುಗಿಸಬೇಕು. ಹೆರಿಗೆ ರಜೆ ಅದರಲ್ಲಿ ಸೇರುತ್ತದೆ, ರಾಜೀನಾಮೆ ಅದನ್ನು ಕತ್ತರಿಸುತ್ತದೆ. ಲೆಕ್ಕದ ಸೂತ್ರ: ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ವರ್ಷಗಳಿಂದ ಗುಣಿಸುವುದು. 12,000ಕ್ಕೆ ಎಂಟು ವರ್ಷವಾದರೆ ಸುಮಾರು 55,384 ರೂಪಾಯಿ. ನಾಲ್ಕು ವರ್ಷಕ್ಕೊಮ್ಮೆ ಬಿಟ್ಟು ಸೇರಿದರೆ ಸೊನ್ನೆ. ಪಿಎಫ್ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಪ್ರತಿ ಸಲ ಬಿಡುವಾಗ ಪಿಂಚಣಿ ಹಣವನ್ನೂ ತೆಗೆದುಬಿಟ್ಟರೆ ಎಣಿಕೆ ಮತ್ತೆ ಒಂದರಿಂದ. ಪಿಎಫ್ ಹಣ ಗಾರ್ಮೆಂಟ್ಸ್ ಕೆಲಸಗಾರರಿಗೆ ಎಷ್ಟು ಮುಖ್ಯ ಎನ್ನುವುದಕ್ಕೆ 2016ರ ಏಪ್ರಿಲ್ ನೆನಪು ಮಾಡಿಕೊಳ್ಳಬಹುದು. ತೆಗೆಯುವ ನಿಯಮ ಬಿಗಿ ಮಾಡಿದ್ದಕ್ಕೆ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಬೀದಿಗಿಳಿದರು, ಕೇಂದ್ರ ಸರ್ಕಾರ ಆ ನಿಯಮವನ್ನೇ ವಾಪಸು ಪಡೆಯಿತು.

ವಾಪಸು ಬಂದ ಮೇಲೆ: 50 ಅಥವಾ ಹೆಚ್ಚು ಕೆಲಸಗಾರರಿದ್ದಲ್ಲಿ ಶಿಶುಪಾಲನಾ ಕೊಠಡಿ ಇರಬೇಕು, ದಿನಕ್ಕೆ ನಾಲ್ಕು ಸಲ ಹೋಗಿ ಬರಲು ಬಿಡಬೇಕು. ಮಗುವಿಗೆ 15 ತಿಂಗಳಾಗುವವರೆಗೆ ಹಾಲುಣಿಸಲು ಎರಡು ಬಿಡುವು ಬೇರೆಯೇ ಇದೆ. ಲೈನಿನ ಟಾರ್ಗೆಟ್ ಇಳಿಸದೆ ಬಿಡುವು ಕೊಟ್ಟರೆ ಅದು ಹೆಸರಿಗಷ್ಟೇ. ಟಾರ್ಗೆಟ್ ಮಾತನ್ನೂ ಅದೇ ಅರ್ಜಿಯಲ್ಲಿ ಬರೆಯಿರಿ.

ಭದ್ರಾವತಿಯಿಂದ ಇನ್ನೊಂದು: ಹೆಣ್ಣುಮಕ್ಕಳನ್ನು ರಾತ್ರಿ ಪಾಳಿಗೆ ಹಾಕಬಹುದೇ?

ಹಾಕಬಹುದು, ಒಪ್ಪಿದರೆ ಮಾತ್ರ. 1948ರ ಕಾರ್ಖಾನೆ ಕಾಯ್ದೆ ಸಂಜೆ 7ರಿಂದ ಬೆಳಿಗ್ಗೆ 6ರವರೆಗೆ ಬೇಡವೆಂದಿತ್ತು. ಕರ್ನಾಟಕ 2023ರಲ್ಲಿ ಆ ಕಲಂ ತಿದ್ದಿತು. ಕೆಲಸದ ಸ್ಥಳದ ಸುರಕ್ಷತೆಯ ಹೊಸ ಸಂಹಿತೆಯೂ ಒಪ್ಪಿಗೆ ಮತ್ತು ಸುರಕ್ಷತೆಯ ಷರತ್ತಿನ ಮೇಲೆ ಬಿಟ್ಟಿದೆ. ಒಪ್ಪಿಗೆ ಕೊಡುವ ಮೊದಲು ವಾಹನ ಎಲ್ಲಿಯವರೆಗೆ ಬಿಡುತ್ತದೆ ಎಂದು ಕೇಳಿ. ಮೇನ್ ರೋಡಿನಲ್ಲಿ ಇಳಿಸಿದರೆ, ಅಲ್ಲಿಂದ ಮನೆಗೆ ಎರಡು ಕಿಲೋಮೀಟರ್ ಕಾಡುದಾರಿಯಿದ್ದರೆ, ಅದನ್ನು ಸುರಕ್ಷತೆ ಎನ್ನಲಾಗದು.

ಶಿಕಾರಿಪುರದಿಂದ: ಬಟ್ಟೆ ಅಂಗಡಿಯಲ್ಲಿ ನಾವು ಆರು ಜನ. ಮಾಲೀಕರ ಸಂಬಂಧಿಯೊಬ್ಬರು ಮೈ ಮುಟ್ಟಿ ಮಾತಾಡುತ್ತಾರೆ, ರಾತ್ರಿ ಮೆಸೇಜ್ ಮಾಡುತ್ತಾರೆ. ಕಮಿಟಿ ದೊಡ್ಡ ಕಂಪನಿಗಳಲ್ಲಿ ಮಾತ್ರವಂತೆ, ನಿಜವೇ?

ನಿಜವಲ್ಲ. ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 1997ರ ವಿಶಾಖಾ ತೀರ್ಪಿನ ನಂತರ, 2013ರಲ್ಲಿ ಬಂದ ಕಾಯ್ದೆ ಹತ್ತು ಮತ್ತು ಹೆಚ್ಚು ಜನರಿರುವಲ್ಲಿ ಒಳಗೇ ಸಮಿತಿ ಇರಬೇಕೆಂದಿತು. ಹತ್ತಕ್ಕಿಂತ ಕಡಿಮೆಯಿದ್ದರೆ, ಅಥವಾ ದೂರು ಮಾಲೀಕನ ಮೇಲೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿ ನೋಡಬೇಕು. ಮನೆಗೆಲಸದವರಿಗೂ ಅದೇ ಸಮಿತಿ. ನಿಮ್ಮ ದೂರು ಅಲ್ಲಿಗೆ ಹೋಗುತ್ತದೆ. ಜಿಲ್ಲಾಧಿಕಾರಿ ಕಚೇರಿಯಲ್ಲಿ ಅಥವಾ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲಿ ಕೇಳಿ. ತಾಲ್ಲೂಕಿನಲ್ಲಿ ದೂರು ಪಡೆಯಲು ನೋಡಲ್ ಅಧಿಕಾರಿ ಇರಬೇಕೆಂದು ಕಾಯ್ದೆಯಲ್ಲೇ ಇದೆ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಗಟ್ಟಿಯಾಗಿ ಹೇಳಿದೆ.

ಕೊನೆಯ ಘಟನೆಯಿಂದ ಮೂರು ತಿಂಗಳೊಳಗೆ ಬರೆದು ಕೊಡಬೇಕು. ಸಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಬರೆಯಲು ಬಾರದಿದ್ದರೆ ಬರೆದುಕೊಳ್ಳುವುದು ಸಮಿತಿಯ ಕೆಲಸ. ಆರು ಪ್ರತಿ ಬೇಕು, ಜೊತೆಗೆ ದಾಖಲೆ, ಸಾಕ್ಷಿಗಳ ಹೆಸರು. 'ಕೆಟ್ಟದಾಗಿ ನಡೆದುಕೊಂಡರು' ಎಂದು ಬರೆದರೆ ಸಾಲದು. ಯಾವ ದಿನ, ಎಷ್ಟು ಹೊತ್ತಿಗೆ, ಅಂಗಡಿಯ ಯಾವ ಜಾಗದಲ್ಲಿ, ಏನು ಹೇಳಿದರು, ಏನು ಮಾಡಿದರು, ಹತ್ತಿರ ಯಾರಿದ್ದರು ಎಂದು ಮುಜುಗರವಾದರೂ ಬಿಡಿಸಿ ಬರೆಯಿರಿ. ಮೆಸೇಜುಗಳನ್ನು ಸಿಟ್ಟಿನಲ್ಲಿ ಅಳಿಸಬೇಡಿ. ನಂಬರು, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಇನ್ನೊಂದು ಫೋನಿಗೂ ಕಳಿಸಿಡಿ.

ಸಮಿತಿ 90 ದಿನದಲ್ಲಿ ವಿಚಾರಣೆ ಮುಗಿಸಬೇಕು, ಹತ್ತು ದಿನದಲ್ಲಿ ವರದಿ ಕೊಡಬೇಕು, ವರದಿ ಸಿಕ್ಕ 60 ದಿನದೊಳಗೆ ಅದರಂತೆ ಕ್ರಮವಾಗಬೇಕು. ಎರಡೂ ಕಡೆಯವರು ವಕೀಲರನ್ನು ಕರೆತರುವಂತಿಲ್ಲ. ವಿಚಾರಣೆ ನಡೆಯುವಾಗ ಮೂರು ತಿಂಗಳವರೆಗೆ ರಜೆ ಕೇಳಬಹುದು, ಅದನ್ನು ನಿಮ್ಮ ಉಳಿದ ರಜೆಯಲ್ಲಿ ಕಳೆಯುವುದಿಲ್ಲ. ರಾಜಿಯಾಗಲು ನೀವೇ ಕೇಳಿದರೆ ಮಾತ್ರ ಆಗಬಹುದು, ಆದರೆ ಹಣದ ಮೇಲೆ ರಾಜಿ ಕಾನೂನಿಗೆ ಒಪ್ಪಿಲ್ಲ. ಊರಿನ ಹಿರಿಯರು ಸೇರಿ ಏನಾದರೂ ಕೊಡಿಸಿ ಮುಗಿಸೋಣ ಎಂದು ಬಂದಾಗ ಇದನ್ನು ನೆನಪಿಡಿ. ಪೊಲೀಸ್ ದೂರಿನ ದಾರಿ ಪ್ರತ್ಯೇಕ: ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಂ. ಎರಡನ್ನೂ ಒಟ್ಟಿಗೆ ಮಾಡಬಹುದು. ತುರ್ತಿಗೆ ಮಹಿಳಾ ಸಹಾಯವಾಣಿ 181.

ಶಂಕರಘಟ್ಟದಿಂದ ವಿದ್ಯಾರ್ಥಿನಿ: ದುಡಿಯುವ ಹೆಂಗಸರ ಪ್ರಮಾಣ ಕೆಲವೇ ವರ್ಷದಲ್ಲಿ ದುಪ್ಪಟ್ಟಿನ ಹತ್ತಿರ ಬಂದಿದೆ ಎಂದು ಸರ್ಕಾರಿ ಅಂಕಿಅಂಶ ಹೇಳುತ್ತದೆ. ಸುತ್ತ ನೋಡಿದರೆ ಹಾಗೆ ಕಾಣುವುದಿಲ್ಲ.

ಅಂಕಿ ಸುಳ್ಳಲ್ಲ, ಅದರೊಳಗೆ ಯಾರಿದ್ದಾರೆ ಎಂದು ನೋಡಬೇಕು. ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆಯಂತೆ 15 ದಾಟಿದ ಹೆಣ್ಣುಮಕ್ಕಳಲ್ಲಿ ದುಡಿಮೆಯಲ್ಲಿರುವವರು ಅಥವಾ ಕೆಲಸ ಹುಡುಕುವವರು 2017-18ರಲ್ಲಿ ಶೇ. 23.3 ಇದ್ದರು, 2023-24ರಲ್ಲಿ ಶೇ. 41.7 ಆದರು. ಹಳ್ಳಿಗಳಲ್ಲಿ ಶೇ. 24.6ರಿಂದ 47.6ಕ್ಕೆ ಏರಿದೆ. ಪಟ್ಟಣಗಳಲ್ಲಿ 20.4ರಿಂದ 28ಕ್ಕೆ ಮಾತ್ರ. ಏರಿಕೆಯ ಬಹುಪಾಲು ಹಳ್ಳಿಯದು, ಸ್ವಂತ ದುಡಿಮೆಯದು. ದುಡಿಯುವ ಹೆಂಗಸರಲ್ಲಿ ಮೂರರಲ್ಲಿ ಎರಡು ಪಾಲು ಸ್ವಂತ ದುಡಿಮೆಯವರು. ಮನೆಯ ಜಮೀನು, ಅಂಗಡಿಯಲ್ಲಿ ಸಂಬಳವಿಲ್ಲದೆ ಕೈಜೋಡಿಸುವವರೇ ಒಟ್ಟಿನ ಮೂರನೇ ಒಂದಕ್ಕಿಂತ ಹೆಚ್ಚು.

ಇನ್ನೊಂದು ಸೂಕ್ಷ್ಮ. ವರ್ಷದಲ್ಲಿ 30 ದಿನ ಕೆಲಸ ಮಾಡಿದರೂ ಈ ಎಣಿಕೆಯಲ್ಲಿ ಪೂರಕ ದುಡಿಮೆ ಎಂದು ಸೇರುತ್ತದೆ. ಮನೆಯ ಅಡಿಕೆಯನ್ನು ಐದು ವಾರ ಸುಲಿದ ಸೊಸೆಯೂ ಇದರಲ್ಲಿ ಬರುತ್ತಾಳೆ. ಅವಳು ಹಿಂದೆಯೂ ಸುಲಿಯುತ್ತಿದ್ದಳು; ಕೇಳುವವರು ಸರಿಯಾಗಿ ಕೇಳಿದರೆ ಎಣಿಕೆಗೆ ಸಿಗುತ್ತಾಳೆ, 'ಮನೆಯಲ್ಲೇ ಇರ್ತಾಳೆ' ಎಂದು ಬರೆದುಕೊಂಡರೆ ಜಾರುತ್ತಾಳೆ. 2024ರ ಸಮಯ ಬಳಕೆ ಸಮೀಕ್ಷೆಯನ್ನೂ ಪಕ್ಕದಲ್ಲಿಟ್ಟು ಓದಿ: ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 88 ನಿಮಿಷ. ಪ್ರಬಂಧ ಬರೆಯುವುದಾದರೆ ಏರಿಕೆಯ ಜೊತೆಗೆ ಸಂಬಳ ಪಡೆಯುವವರ ಪಾಲು ಎಷ್ಟಾಯಿತು ಎಂಬುದನ್ನು ಬೇರೆಯಾಗಿ ತೆಗೆದು ತೋರಿಸಿ.

ಹೊಸನಗರ ತಾಲ್ಲೂಕಿನಿಂದ: ಗಂಡ ಬೆಂಗಳೂರಿನಲ್ಲಿ. ತೋಟ, ಗದ್ದೆ, ಕೊಟ್ಟಿಗೆ ಎಲ್ಲ ನಾನೇ ನೋಡಿಕೊಳ್ಳುವುದು. ಸೊಸೈಟಿಯಲ್ಲಿ ಬೆಳೆಸಾಲ ಕೇಳಿದರೆ ಪಹಣಿಯಲ್ಲಿ ನಿಮ್ಮ ಹೆಸರಿಲ್ಲ ಅಂತಾರೆ.

ಪಹಣಿಯ 9ನೇ ಕಲಂನಲ್ಲಿ ಹೆಸರಿಲ್ಲದವರು ಕಾಗದದಲ್ಲಿ ರೈತರಲ್ಲ. ಗಂಡ ಬದುಕಿರುವಾಗ ಅವನ ಜಮೀನಿನಲ್ಲಿ ಹೆಂಡತಿಗೆ ತಾನಾಗಿ ಹಕ್ಕು ಬರುವುದಿಲ್ಲ, ಅವರು ಬರೆದುಕೊಡಬೇಕು. ಜಮೀನು ಅವರ ಸ್ವಯಾರ್ಜಿತವಾಗಿದ್ದರೆ ಅಥವಾ ಭಾಗದಲ್ಲಿ ಅವರ ಪಾಲಿಗೆ ಬಂದಿದ್ದರೆ ಸ್ವಲ್ಪ ಭಾಗವನ್ನು ದಾನಪತ್ರದಿಂದ ನಿಮ್ಮ ಹೆಸರಿಗೆ ಮಾಡಬಹುದು. ಕುಟುಂಬದೊಳಗಿನ ದಾನಕ್ಕೆ ಮುದ್ರಾಂಕ ಶುಲ್ಕ ಕಡಿಮೆ. ಪಿತ್ರಾರ್ಜಿತವಾಗಿದ್ದು ಮಕ್ಕಳ ಹಕ್ಕೂ ಇದ್ದರೆ ಮೊದಲು ವಕೀಲರಿಗೆ ತೋರಿಸಿ.

ಕ್ರಮ ಹೀಗೆ. ಮೊದಲು 11ನೇ ಕಲಂ ನೋಡಿ. ಹಳೇ ಸಾಲದ ಹೊರೆ ಅಲ್ಲೇ ಇರುತ್ತದೆ, ತೀರಿಸಿದ ಸಾಲವೂ ಎಷ್ಟೋ ಸಲ ತೆಗೆಯದೆ ಉಳಿದಿರುತ್ತದೆ. ಬ್ಯಾಂಕಿನ ಪತ್ರ ತಂದು ಅದನ್ನು ತೆಗೆಸಿ. ಸರ್ವೆ ನಂಬರಿನ ಒಂದು ಭಾಗ ಮಾತ್ರ ವರ್ಗಾಯಿಸುವುದಾದರೆ ಆ ಭಾಗವನ್ನು ಅಳೆದು ತೋರಿಸುವ 11-ಇ ನಕ್ಷೆ ಬೇಕು, ಭೂಮಾಪಕರ ಸರದಿ ಬರಲು ಹೊತ್ತು ಹಿಡಿಯುತ್ತದೆ, ಹಾಗಾಗಿ ಅದಕ್ಕೆ ತಡಮಾಡದೆ ಅರ್ಜಿ ಹಾಕಿ. ಆಮೇಲೆ ಉಪನೋಂದಣಿ ಕಚೇರಿ, ನಂತರ ಮ್ಯುಟೇಶನ್. ನೋಂದಣಿಯಾಯಿತಲ್ಲ ಎಂದು ಸುಮ್ಮನಾಗಬೇಡಿ, ಹೊಸ ಪಹಣಿ ತೆಗೆಸಿ ಹೆಸರು, ವಿಸ್ತೀರ್ಣ ಕಣ್ಣಾರೆ ನೋಡಿ. ಕೊನೆಗೆ ರೈತರನ್ನು ನೋಂದಾಯಿಸುವ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ನಿಮ್ಮ ಹೆಸರಿಗೇ ರೈತ ಗುರುತಿನ ಸಂಖ್ಯೆ ಮಾಡಿಸಿಕೊಂಡು ಸೊಸೈಟಿಗೆ ಸದಸ್ಯತ್ವದ ಅರ್ಜಿ ಕೊಡಿ.

ತವರಿನ ಪಿತ್ರಾರ್ಜಿತದಲ್ಲಿ ಮಗಳಾಗಿ ನಿಮಗೆ ಪಾಲಿದೆ. ಕರ್ನಾಟಕದಲ್ಲಿ 1994ರ ತಿದ್ದುಪಡಿ, ಇಡೀ ದೇಶಕ್ಕೆ 2005ರದ್ದು. ಕೇಳುವುದು, ಬಿಡುವುದು ನಿಮ್ಮ ಇಷ್ಟ. ಆದರೆ ಹಕ್ಕುಬಿಡುಗಡೆ ಪತ್ರಕ್ಕೆ ಓದದೆ ಸಹಿ ಹಾಕಬೇಡಿ. ಯಾವುದೂ ಆಗದಿದ್ದರೆ, 4ರಿಂದ 10 ಜನರ ಜಂಟಿ ಬಾಧ್ಯತಾ ಗುಂಪು ಮಾಡಿಕೊಂಡು ಪಹಣಿಯಿಲ್ಲದೆ ಸಾಲ ಪಡೆಯುವ ದಾರಿ ಬ್ಯಾಂಕುಗಳಲ್ಲಿದೆ. ಒಬ್ಬರು ಕಂತು ತಪ್ಪಿಸಿದರೆ ಹೊಣೆ ಎಲ್ಲರದು, ಜೊತೆಗಾರರನ್ನು ನೋಡಿ ಆರಿಸಿ.

ಸೊರಬದಿಂದ: ತಿಂಗಳಿಗೊಂದು ಮುಟ್ಟಿನ ರಜೆ ನಮ್ಮಂಥ ಹೊರಗುತ್ತಿಗೆಯವರಿಗೂ ಇದೆಯೇ?

2025ರ ನವೆಂಬರಿನ ರಾಜ್ಯ ಸರ್ಕಾರದ ಆದೇಶ 18ರಿಂದ 52 ವರ್ಷದ ಕಾಯಂ, ಗುತ್ತಿಗೆ, ಹೊರಗುತ್ತಿಗೆ ನೌಕರರೆಲ್ಲರಿಗೂ ತಿಂಗಳಿಗೆ ಒಂದು ದಿನ ಸಂಬಳಸಹಿತ ರಜೆ ಎಂದಿದೆ. ಕಾರ್ಖಾನೆ, ಅಂಗಡಿ, ಪ್ಲಾಂಟೇಶನ್ ನೋಂದಣಿಯಿರುವ ಕಡೆಗಳಿಗೆ ಅನ್ವಯ. ವೈದ್ಯರ ಚೀಟಿ ಬೇಡ. ಈ ತಿಂಗಳು ಬಿಟ್ಟದ್ದನ್ನು ಮುಂದಿನ ತಿಂಗಳಿಗೆ ಸೇರಿಸಿಕೊಳ್ಳುವಂತಿಲ್ಲ. ಆದೇಶವನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. ರಜೆ ಹಾಕುವ ಮೊದಲು ಈಗಿನ ಸ್ಥಿತಿಯನ್ನು ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಬಳಿ ಕೇಳಿಕೊಳ್ಳಿ. ಏಜೆನ್ಸಿಯವರು ಆ ದಿನದ ಸಂಬಳ ಹಿಡಿದರೆ ಹಾಜರಿ ಪಟ್ಟಿಯ ನಕಲು, ಆ ತಿಂಗಳ ಪೇಸ್ಲಿಪ್ ಎರಡನ್ನೂ ಅರ್ಜಿಗೆ ಲಗತ್ತಿಸಿ ಅದೇ ಕಚೇರಿಗೆ ಕೊಡಿ.